ಒಳಗೆ ಎಷ್ಟು ಜನ?

ಕೋಡಿಬಾಗ, ಕಾರವಾರ
20 ಏಪ್ರಿಲ್ 2025

ಪ್ರೀತಿಯ ಪುಟ್ಟಿ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಲ್ಲಿ ನೀನು ‘ಹ್ಞೂಂ ಅಮ್ಮ, ಹ್ಞೂಂ ಅಮ್ಮ’ ಅನ್ನುತ್ತಾ ಇನ್ನೊಂದು ಕಡೆ ಲ್ಯಾಪ್‌ಟಾಪ್ ಕುಟ್ಟುತ್ತಿರುತ್ತೀಯ. ಅದಕ್ಕೇ ಕಾಗದ. ಮುರುಗಲು ಸಿಪ್ಪೆ, ಹಲಸಿನ ಹಪ್ಪಳದ ಡಬ್ಬಿಯೊಳಗೇ ಇಟ್ಟು ಕಳಿಸುತ್ತಿದ್ದೇನೆ. ಹಪ್ಪಳ ಬೇಕು ಅಂದರೆ ಕಾಗದವೂ ಕೈಗೆ ಸಿಗುತ್ತದೆ.

14ನೇ ತಾರೀಕು ನೀನು ಅಜ್ಜನ ಖಾಕಿ ಫೋಟೊ ಸ್ಟೇಟಸ್ ಹಾಕಿದ್ದು ನೋಡಿದೆ. ‘ಬೆಂಕಿಗೂ ಹೆದರದ ನನ್ನ ಅಜ್ಜ’ ಅಂತ ಬರೆದಿದ್ದೀಯ. ಚೆನ್ನಾಗಿತ್ತು. ಚಿಕ್ಕಮ್ಮ ಅಳುವ ಮುಖದ ಚಿತ್ರ ಆರು ಸಲ ಕಳಿಸಿದಳು. ನನಗೂ ಕಣ್ಣು ತುಂಬಿತು. ಆದರೆ ಆಮೇಲೆ ಪಾತ್ರೆ ತೊಳೆಯುತ್ತಾ ಯೋಚನೆ ಬಂತು. ಇದನ್ನು ಅಪ್ಪ ಓದಿದ್ದರೆ ಕನ್ನಡಕ ತೆಗೆದು, ‘ಯಾರಿದು, ನಾನಾ?’ ಅಂತಿದ್ದ.

(ಈ ಕಾಗದದಲ್ಲಿ ಅಪ್ಪ ಅಂದರೆ ನನ್ನ ಅಪ್ಪ, ನಿನ್ನ ಅಜ್ಜ. ನಿನ್ನ ಅಪ್ಪನ ಪುರಾಣ ಬರೆಯಲು ಬೇರೆಯೇ ನೋಟ್‌ಬುಕ್ ಬೇಕು.)

ನಿನ್ನ ಅಜ್ಜ ಹೆದರುತ್ತಿದ್ದ ಮಗಾ. ಒಂದಿಷ್ಟಲ್ಲ, ಸಿಕ್ಕಾಪಟ್ಟೆ ಹೆದರುತ್ತಿದ್ದ. ದೇವರ ಮುಂದೆ ಹಚ್ಚಿಟ್ಟ ಊದುಬತ್ತಿಗೆ ಹೆದರುತ್ತಿದ್ದ. ಮಂಚದ ಕೆಳಗಿನ ಸೊಳ್ಳೆ ಬತ್ತಿಗೆ, ದಿಂಬಿನ ಕೆಳಗಿನ ನಿನ್ನ ಫೋನ್ ಚಾರ್ಜರ್‌ಗೆ, ಹುಲ್ಲು ತುಂಬಿಕೊಂಡು ಕರೆಂಟ್ ತಂತಿ ಕೆಳಗೆ ಹೋಗುವ ಲಾರಿಗೆ, ಎಲ್ಲದಕ್ಕೂ. ರಾತ್ರಿ ಹತ್ತಕ್ಕೆ ಮನೆ ತುಂಬಾ ಒಂದು ರೌಂಡು. ಅಡುಗೆ ಮನೆಗೆ ಬಂದು ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿದರೆ ‘ಟಕ್’ ಅಂತ ಸದ್ದು. ನಾನು ಆಗಲೇ ಬಂದ್ ಮಾಡಿದ್ದರೂ ಮತ್ತೆ ತೆಗೆದು ಮತ್ತೆ ಬಂದ್. ಆಮೇಲೆ ಬಗ್ಗಿ ನೆಲದ ಹತ್ತಿರ ಮೂಗು ಹಿಡಿಯುತ್ತಿದ್ದ. ಅಡುಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದ ಮೇಲೆ ನೀರಿನ ಹಾಗೆ ಹರಡಿ ಕೂರುತ್ತದೆ. ಮನೆಗೆ ಬಂದ ನೆಂಟರು ಒಮ್ಮೆ ಈ ದೃಶ್ಯ ನೋಡಿ, ಮಾವನಿಗೆ ಏನೋ ಆಯ್ತು ಅಂತ ಓಡಿ ಬಂದಿದ್ದರು.

ನನಗೆ ಚಿಕ್ಕವಳಿದ್ದಾಗ ಇದೆಲ್ಲ ನಾಚಿಕೆ. ಬೇರೆಯವರ ಅಪ್ಪಂದಿರು ಧೈರ್ಯವಾಗಿ ಮಾಲೆ ಪಟಾಕಿ ಹಚ್ಚುತ್ತಿದ್ದರು. ನಮ್ಮ ಅಪ್ಪ ಫೈರ್‌ಮನ್, ನಮ್ಮನೆಯಲ್ಲಿ ಸುರುಸುರು ಬತ್ತಿ ಹಚ್ಚಲು ಪಕ್ಕದಲ್ಲಿ ಒಂದು ಬಕೆಟ್ ನೀರು. ಅದೂ ಹಬ್ಬದ ಮರುದಿನ. ಹಬ್ಬದ ರಾತ್ರಿ ಅಪ್ಪನಿಗೆ ಡ್ಯೂಟಿ. ನಮ್ಮ ಮನೆ ದೀಪಾವಳಿ ಯಾವತ್ತೂ ಒಂದು ದಿನ ತಡ.

ಅಪ್ಪ ಕೆಲಸಕ್ಕೆ ಸೇರಿದ್ದು 1971ರಲ್ಲಿ, 23 ವರ್ಷಕ್ಕೆ. ಬೆಂಗಳೂರಲ್ಲಿ ತರಬೇತಿ. ಅಂಕೋಲೆ ಕಡೆಯ ಹುಡುಗ, ಆವರೆಗೆ ಹುಬ್ಬಳ್ಳಿ ಸಹ ಕಂಡವನಲ್ಲ. ಅಲ್ಲಿ ಮೊದಲು ಕಲಿಸಿದ್ದು ಓಡುವುದು, ಎರಡನೆಯದು ಗಂಟು ಹಾಕುವುದು, ಮೂರನೆಯದು ಸುಮ್ನೆ ನಿಲ್ಲುವುದು ಅಂತ ಹೇಳ್ತಿದ್ದ. ಆ ಮೂರನೆಯದೇ ಕಷ್ಟವಂತೆ. ಸ್ಪಾಟಿಗೆ ಹೋದ ಕೂಡಲೇ ನುಗ್ಗುವ ಹಾಗಿಲ್ಲ. ಅರ್ಧ ನಿಮಿಷ ನಿಂತು ನೋಡಬೇಕು. ಗಾಳಿ ಯಾವ ಕಡೆ, ಕರೆಂಟು ತೆಗೆದಿದ್ದಾರಾ, ಮನೆಯ ಮಾಡು ಹುಲ್ಲಿನದೋ ಹಂಚಿನದೋ, ಸಿಲಿಂಡರ್ ಎಲ್ಲಿದೆ. ಎಲ್ಲಕ್ಕಿಂತ ಮೊದಲು ಒಂದು ಪ್ರಶ್ನೆ: ‘ಒಳಗೆ ಎಷ್ಟ್ ಜನ ಇದ್ರು?’

ಈ ಪ್ರಶ್ನೆ ನಿನಗೆ ಚೆನ್ನಾಗಿ ಗೊತ್ತು. ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವ ಮೊದಲೇ ಅಜ್ಜ ಕೇಳುತ್ತಿದ್ದದ್ದು ಅದನ್ನೇ. ಎಲ್ಲರೂ ಚಾ ಲೆಕ್ಕಕ್ಕೆ ಕೇಳುತ್ತಾನೆ ಅಂದುಕೊಳ್ಳುತ್ತಿದ್ದರು.

ಆ ಅರ್ಧ ನಿಮಿಷಕ್ಕೆ ಅಪ್ಪ ಎಷ್ಟು ಬೈಸಿಕೊಂಡ ಅಂತ ನಿನಗೆ ಗೊತ್ತಿಲ್ಲ. ಬಾವಿಯ ವಿಷಯ ಒಂದು ಹೇಳುತ್ತೇನೆ. ಅಜ್ಜ ನಿಮಗ್ಯಾರಿಗೂ ಹೇಳಿರಲಿಕ್ಕಿಲ್ಲ. ನನಗೆ ಹೇಳಿದ್ದು ಆಯಿ, ನನ್ನ ಅಮ್ಮ.

ಒಂದು ಬೇಸಿಗೆ, ಹಳ್ಳಿಯೊಂದರಲ್ಲಿ ಬತ್ತಿದ ಬಾವಿಯ ಕೆಸರು ತೆಗೆಯಲು ಒಬ್ಬ ಇಳಿದ. ಕೆಳಗೆ ಹೋದವನು ಕೂತುಬಿಟ್ಟ. ಕರೆದರೆ ಉತ್ತರ ಇಲ್ಲ. ಅವನನ್ನು ಎತ್ತಲು ಇನ್ನೊಬ್ಬ ಇಳಿದ. ಅವನೂ ಕೂತ. ಅಪ್ಪನ ಗಾಡಿ ಹೋದಾಗ ಮೂರನೆಯವನು ಹಗ್ಗ ಹಿಡಿದು ಕಟ್ಟೆಯ ಮೇಲೆ ಕಾಲಿಟ್ಟಿದ್ದ. ಮೊದಲು ಇಳಿದವನ ತಮ್ಮ. ಅಪ್ಪ ಹಿಂದಿನಿಂದ ಹೋಗಿ ಅವನ ಸೊಂಟ ತಬ್ಬಿ ಹಿಡಿದ. ಆತ ಅಪ್ಪನ ಕೈ ಕಚ್ಚಿದ. ಅಪ್ಪನ ಎಡಗೈಯಲ್ಲಿ ಒಂದು ಕಲೆ ಇತ್ತಲ್ಲ, ನಾಯಿ ಕಚ್ಚಿದ್ದು ಅಂತ ನಿನಗೆ ಹೇಳಿದ್ದು, ಅದೇ.

ಹಳೆ ಬಾವಿಯ ತಳದಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ, ಉಸಿರಾಡಲು ಬೇಕಾದಷ್ಟು ಆಮ್ಲಜನಕ ಇರುವುದಿಲ್ಲ. ಮೇಲಿಂದ ನೋಡಿದರೆ ಏನೂ ಕಾಣುವುದಿಲ್ಲ, ವಾಸನೆಯೂ ಇರಬೇಕೆಂದಿಲ್ಲ. ಅಪ್ಪ ಲಾಟೀನು ಹಚ್ಚಿ ಹಗ್ಗದಲ್ಲಿ ಇಳಿಸಿದ. ಅರ್ಧ ದಾಟುವುದರೊಳಗೆ ದೀಪ ಆರಿತು. ಸುತ್ತ ನಿಂತವರು ‘ಎರಡು ಜೀವ ಹೋಗ್ತಿದೆ, ಇವನು ದೀಪ ಆಡಿಸ್ತಾ ಕೂತಿದ್ದಾನೆ’ ಅಂತ ಕೂಗಿದರು. ಕಲ್ಲೂ ಬಿತ್ತಂತೆ. ಪೈಪಿನಿಂದ ನೀರನ್ನು ತುಂತುರಾಗಿ ಬಿಟ್ಟು ಒಳಗಿನ ಗಾಳಿ ಕದಡಿ, ಉಸಿರಾಟದ ಸೆಟ್ಟು ಕಟ್ಟಿಕೊಂಡು ಅಪ್ಪನೇ ಇಳಿದ. ಆ ದಿನ ಇದ್ದದ್ದು ಒಂದೇ ಸೆಟ್ಟು. ಎರಡನೆಯವನು ಬದುಕಿದ. ಮೊದಲಿನವನು ಬದುಕಲಿಲ್ಲ.

ಆ ತಮ್ಮ ನಮ್ಮ ಅಪ್ಪನನ್ನು ಕ್ಷಮಿಸಲಿಲ್ಲ. ‘ನನ್ನನ್ನ ಬಿಟ್ಟಿದ್ರೆ ಅಣ್ಣ ಇರ್ತಿದ್ದ’ ಅಂತ ಊರೆಲ್ಲ ಹೇಳಿದ. ಅಂಕೋಲೆ ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದ. ಅಪ್ಪ ಮನೆಗೆ ಬಂದು ಏನೂ ಹೇಳದೆ ಅಂಗಳದಲ್ಲಿ ಕೂರುತ್ತಿದ್ದ. ಆಯಿ ‘ಅವ್ನನ್ನೂ ಬಿಟ್ಟಿದ್ರೆ ಮೂರು ಹೆಣ ಆಗ್ತಿತ್ತಲ್ಲ’ ಅಂದರೆ, ‘ಅದು ಲೆಕ್ಕ. ಅವನಿಗೆ ಅಣ್ಣ’ ಅಂತಿದ್ದನಂತೆ.

ಅಪ್ಪನ ಹನ್ನೊಂದನೇ ದಿನ ಬಿಳಿ ಅಂಗಿ ಹಾಕಿದ ಒಬ್ಬ ಮುದುಕ ಬಂದಿದ್ದ, ನೆನಪಿದೆಯಾ? ಯಾರ ಹತ್ತಿರವೂ ಮಾತಾಡಲಿಲ್ಲ. ಊಟಕ್ಕೆ ಕೂತ, ಪಾಯಸ ಬೇಡ ಅಂದ, ಕೈ ತೊಳೆದು ಹೋದ. ನೀನೇ ಬಡಿಸಿದ್ದು. ಅವನೇ ಆ ತಮ್ಮ. ಅವನ ಮನಸ್ಸಿನಲ್ಲಿ ಏನಿತ್ತೋ, ನಾನು ಕೇಳಲಿಲ್ಲ.

ಇಂಥ ದೊಡ್ಡ ಕಾಲ್‌ಗಳು ಕಮ್ಮಿ, ಬಿಡು. ಜಾಸ್ತಿ ಬರುತ್ತಿದ್ದದ್ದು ಬಾವಿಗೆ ಬಿದ್ದ ದನ, ಹತ್ತಿಕೊಂಡ ಹುಲ್ಲಿನ ಬಣವೆ, ಘಾಟಿಯಲ್ಲಿ ಮಗುಚಿದ ಲಾರಿ. ಫೆಬ್ರವರಿಯಿಂದ ಮಳೆ ಬೀಳುವವರೆಗೆ ಗುಡ್ಡದ ಬೆಂಕಿ. ಘಟ್ಟದ ಮೇಲೆ ಅಡಿಕೆ ತೋಟದವರ ಸೊಪ್ಪಿನ ಬೆಟ್ಟಕ್ಕೆ ಕಿಡಿ ತಾಗಿದರೆ ಗಾಡಿ ಹೋಗಲು ದಾರಿಯೇ ಇರುವುದಿಲ್ಲ. ಅಲ್ಲಿ ಪೈಪೂ ಇಲ್ಲ ಪಂಪೂ ಇಲ್ಲ, ಹಸಿ ಸೊಪ್ಪಿನ ಟೊಂಗೆ ಮುರಿದು ಬಡಿಯುವುದು. ದರಕು, ಅಂದರೆ ಒಣಗಿದ ಎಲೆ, ಗುಡಿಸಿ ನೆಲ ಬೋಳು ಮಾಡುವುದು. ಅಂಥ ದಿನ ಅಪ್ಪನ ಹುಬ್ಬು ಸುಟ್ಟಿರುತ್ತಿತ್ತು. ಆಯಿ ಅದಕ್ಕೆ ತೆಂಗಿನೆಣ್ಣೆ ಹಚ್ಚುತ್ತಾ, ‘ಹುಬ್ಬಿಲ್ಲದ ಗಂಡನ್ನ ಕಟ್ಕೊಂಡೆ’ ಅಂತ ನಗುತ್ತಿದ್ದಳು.

ಬೈಗುಳಕ್ಕಂತೂ ಲೆಕ್ಕವೇ ಇಲ್ಲ. ‘ನೀರಿಲ್ಲದ ಗಾಡಿ ತಂದ’ ಅನ್ನುವುದು ಖಾಯಂ. ಗಾಡಿಯಲ್ಲಿ ಹಿಡಿಯುವುದೇ ನಾಲ್ಕೂವರೆ ಸಾವಿರ ಲೀಟರಿನಷ್ಟು. ಪಂಪು ಪೂರ್ತಿ ಬಿಟ್ಟರೆ ಎರಡು ಮೂರು ನಿಮಿಷಕ್ಕೆ ಖಾಲಿ. ಆಮೇಲೆ ಹೊಳೆಯೋ ಕೆರೆಯೋ ಹುಡುಕಿ ನೀರು ಎಳೆಯುವ ಸಕ್ಷನ್ ಪೈಪು ಇಳಿಸಬೇಕು. ಹತ್ತು ಸಾವಿರ ಚದರ ಕಿಲೋಮೀಟರ್ ದಾಟುವ ಜಿಲ್ಲೆ ನಮ್ಮದು, ಅದರಲ್ಲಿ ಜಾಸ್ತಿ ಪಾಲು ಕಾಡು. ಒಂದು ಊರಿಂದ ಇನ್ನೊಂದಕ್ಕೆ ಹೋಗುವುದರೊಳಗೆ ಬಣವೆ ಬೂದಿಯಾಗಿರುತ್ತದೆ. ಬೂದಿ ನೋಡಿದವರಿಗೆ ಬೈಯಲು ಎದುರಿಗೆ ಸಿಗುವವನು ಖಾಕಿ ಹಾಕಿದವನೇ. ಅಪ್ಪ ವಾದ ಮಾಡುತ್ತಿರಲಿಲ್ಲ. ಪೈಪು ಸುತ್ತುತ್ತಿದ್ದ.

ಪೈಪು ಅಂದ ಕೂಡಲೇ ಸೀರೆ ನೆನಪಾಯಿತು. ನಮ್ಮ ಮನೆಯ ಕಪಾಟಿನಲ್ಲಿ ಆಯಿಯ ಸೀರೆಗಳು ಮಡಚಿ ಇರುತ್ತಿರಲಿಲ್ಲ, ಸುರುಳಿಯಾಗಿ ಇರುತ್ತಿದ್ದವು. ಫೈರಿನವರು ಹೋಸನ್ನು, ಅಂದರೆ ನೀರಿನ ಪೈಪನ್ನು, ನಡುವಿಗೆ ಮಡಚಿ, ಆ ನಡುವಿನಿಂದ ಸುತ್ತುತ್ತಾ ಬರುತ್ತಾರೆ. ಎರಡೂ ತುದಿಯ ಕಪ್ಲಿಂಗ್, ಪೈಪು ಜೋಡಿಸುವ ಕೊಂಡಿ, ಹೊರಗೇ ಉಳಿಯುತ್ತದೆ, ಕತ್ತಲೆಯಲ್ಲೂ ಕೈಗೆ ಸಿಗುತ್ತದೆ, ಒಂದು ತಳ್ಳಿದರೆ ಉದ್ದಕ್ಕೆ ಬಿಚ್ಚಿಕೊಳ್ಳುತ್ತದೆ. ಅಪ್ಪ ಸೀರೆಯನ್ನೂ ಹಾಗೇ ಸುತ್ತುತ್ತಿದ್ದ. ಚಾಪೆ, ಹಾಸಿಗೆ ಬಟ್ಟೆ, ನನ್ನ ಯೂನಿಫಾರ್ಮಿನ ರಿಬ್ಬನ್ನು ಸಹ. ರಿಬ್ಬನ್ನು ಹಾಕುವವನೂ ಅವನೇ. ಆಯಿಗೆ ಬೆಳಿಗ್ಗೆ ಅಂಗನವಾಡಿ, ಹೀಗಾಗಿ ನನ್ನ ಎರಡು ಜಡೆ ಅಪ್ಪನ ಪಾಲು. ನೈಟ್ ಡ್ಯೂಟಿ ಮುಗಿಸಿ ಬಂದವನು ನಿದ್ದೆಗಣ್ಣಲ್ಲಿ ಹೆಣೆಯುತ್ತಿದ್ದ. ಹಗ್ಗ ಬಿಗಿದ ಹಾಗೆ ಬಿಗಿಯುತ್ತಿದ್ದ. ಸಂಜೆ ಶಾಲೆಯಿಂದ ಬರುವಾಗ ಎಲ್ಲರ ಜಡೆ ಬಿಚ್ಚಿ ಹೋಗಿದ್ದರೂ ನನ್ನದು ಮಾತ್ರ ಗಟ್ಟಿ. ತಲೆನೋವು ಬೇರೆ.

ಆದರೆ ಜಡೆಗೆ ಕೈ ಹಾಕುವ ಮೊದಲು ಸ್ನಾನ ಆಗಬೇಕಿತ್ತು. ಬೆಂಕಿಯ ಕಾಲ್ ಮುಗಿಸಿ ಬಂದರೆ ಹಿತ್ತಲ ಬಾವಿಯ ಹತ್ತಿರವೇ ಖಾಕಿ ಕಳಚಿ, ತಾನೇ ಒಗೆದು, ತಲೆಗೆ ನೀರು ಹೊಯ್ದುಕೊಂಡು ಒಳಗೆ ಬರುತ್ತಿದ್ದ. ನಾವು ಓಡಿ ಹೋದರೆ ‘ಮುಟ್ಟೂಕಾಗ, ಮುಟ್ಟೂಕಾಗ’ ಅಂತ ಎರಡೂ ಕೈ ಮೇಲೆ ಎತ್ತುತ್ತಿದ್ದ. ನನಗೆ ಆಗ ಸಿಟ್ಟು. ಮಡಿ ಮಾಡ್ತಾನೆ ಅಂದುಕೊಂಡಿದ್ದೆ. ಫೈರ್‌ಮನ್ ಕೆಲಸದಿಂದಲೇ ಕ್ಯಾನ್ಸರ್ ಬರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನೆಯವರು ಪಟ್ಟಿಗೆ ಸೇರಿಸಿದ್ದು 2022ರಲ್ಲಿ. ಹೊಗೆ, ಮಸಿ ಬಟ್ಟೆಗೂ ಚರ್ಮಕ್ಕೂ ಅಂಟಿ ಬರುತ್ತದೆ. ಅಪ್ಪ ಅದನ್ನೆಲ್ಲ ಓದಿದವನಲ್ಲ. ‘ಯಾರ್‍ಯಾರದ್ದೋ ಮನೆ ಸುಟ್ಟ ಮಸಿ, ಮಕ್ಕಳಿಗೆ ಎಂತಕ್ಕೆ’ ಅಂತಿದ್ದ, ಅಷ್ಟೇ.

ಶಿರಸಿ ಜಾತ್ರೆಯದ್ದೊಂದು ಹೇಳಲೇಬೇಕು. ನಾನು ಮೂರನೇ ಕ್ಲಾಸು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಜಾತ್ರೆ, ಬಿಡ್ಕಿಬೈಲಿನಲ್ಲಿ ದೇವಿಯ ಗದ್ದುಗೆ. ಆ ವರ್ಷ ಅಪ್ಪನಿಗೆ ಅಲ್ಲಿ ಡ್ಯೂಟಿ ಬಿತ್ತು, ನಾವು ದೊಡ್ಡಮ್ಮನ ಮನೆಯಲ್ಲಿ ಉಳಿದಿದ್ದೆವು. ಕೊನೆಯ ದಿನ ದೇವಿ ಗದ್ದುಗೆ ಬಿಟ್ಟು ಹೊರಟ ಮೇಲೆ ಮಾತಂಗಿ ಚಪ್ಪರಕ್ಕೆ ಬೆಂಕಿ ಹಚ್ಚುತ್ತಾರೆ. ಜನವೋ ಜನ. ಚಪ್ಪರ ಧಗಧಗ ಅಂತ ಹತ್ತಿತು. ದೂರದಲ್ಲಿ ಅಪ್ಪ ನೀರು ಚಿಮ್ಮಿಸುವ ಬ್ರಾಂಚ್ ಪೈಪು ಹಿಡಿದು ನಿಂತಿದ್ದಾನೆ, ಅಲುಗಾಡುತ್ತಿಲ್ಲ. ನನಗೆ ಹೊಟ್ಟೆಯಲ್ಲಿ ಸಂಕಟ. ಅಪ್ಪನಿಗೆ ಬೆಂಕಿ ಕಾಣಲಿಲ್ಲವಾ, ಎಲ್ಲರೂ ಬೈತಾರಲ್ಲ ಈಗ ಅಂತ. ಆಯಿಯ ಕೈ ಬಿಡಿಸಿಕೊಂಡು ಓಡಿ ಹೋಗಿ ‘ಅಪ್ಪಾ, ಆರಿಸಲ್ವಾ?’ ಅಂದೆ. ಅಪ್ಪ ಕಣ್ಣು ಬೆಂಕಿಯಿಂದ ತೆಗೆಯದೆ ಹೇಳಿದ: ‘ಅದು ದೇವಿದು. ಅಲ್ಲಿಂದ ಈಚೆ ದಾಟಿದ್ರೆ ನಂದು.’

ಅವನ ಕಾಲಿನ ಹತ್ತಿರ ನೆಲದ ಮೇಲೆ ನೀರಿನಲ್ಲಿ ಒಂದು ಗೆರೆ ಎಳೆದಿತ್ತು. ಅಷ್ಟು ಜನರ ನಡುವೆ ಆ ಗೆರೆ ಕಂಡದ್ದು ನನಗೊಬ್ಬಳಿಗೇ ಇರಬೇಕು. ಕಿಡಿ ಗೆರೆ ದಾಟಲಿಲ್ಲ. ಅಪ್ಪ ಆ ದಿನ ಬೆಂಕಿಯ ಮೇಲೆ ಒಂದು ಹನಿ ನೀರೂ ಬಿಡಲಿಲ್ಲ. ಅದಾದ ಮೇಲೆ ನನಗೆ ಮಿಠಾಯಿ ಕೊಡಿಸಿದ. ಕೈ ಬಿಡಿಸಿಕೊಂಡು ಓಡಿದ್ದಕ್ಕೆ ಬೆನ್ನಿಗೆ ಒಂದು ಏಟೂ ಕೊಟ್ಟ.

ಮನೆಯಲ್ಲಿ ಬೆಂಕಿ ಹತ್ತಿದ್ದು ಒಂದೇ ಸಲ. ಚೌತಿಗೆ ಚಕ್ಕುಲಿ ಕರಿಯುತ್ತಿದ್ದೆವು. ಆಯಿ ಅಂಗಳದಲ್ಲಿ ಯಾರ ಹತ್ತಿರವೋ ಮಾತಿಗೆ ನಿಂತಳು, ಬಾಣಲೆಯ ಎಣ್ಣೆ ಹೊತ್ತಿಕೊಂಡಿತು. ನಾನು ಕೊಡಪಾನದಿಂದ ಚೊಂಬು ತುಂಬಿಸಿ ಎತ್ತಿದ್ದೆ. ಅಪ್ಪ ಎಲ್ಲಿದ್ದನೋ, ಬಂದವನು ಮೊದಲು ಚೊಂಬಿಗೆ ಹೊಡೆದ. ಅದು ಗೋಡೆಗೆ ಬಡಿದು ನೆಗ್ಗಿತು. ಆಮೇಲೆ ಒಲೆ ಆರಿಸಿ, ಅನ್ನದ ಪಾತ್ರೆಯ ದೊಡ್ಡ ಮುಚ್ಚಳವನ್ನು ತನ್ನ ಕಡೆಯಿಂದ ಆಚೆಗೆ ಜಾರಿಸಿ ಬಾಣಲೆ ಮುಚ್ಚಿದ. ಅಷ್ಟೇ. ಬೆಂಕಿ ಸತ್ತಿತು. ಅರ್ಧ ಗಂಟೆ ಯಾರಿಗೂ ಮುಚ್ಚಳ ತೆಗೆಯಲು ಬಿಡಲಿಲ್ಲ. ನೀರು ಎಣ್ಣೆಗಿಂತ ಭಾರ, ಹೊಯ್ದರೆ ತಳಕ್ಕೆ ಹೋಗಿ ಒಮ್ಮೆಲೇ ಆವಿಯಾಗಿ ಸಾವಿರಕ್ಕೂ ಹೆಚ್ಚು ಪಟ್ಟು ಉಬ್ಬುತ್ತದೆ, ಉರಿಯುವ ಎಣ್ಣೆಯನ್ನೇ ಮಾಡಿಗೆ ಎರಚುತ್ತದೆ. ಇದನ್ನೆಲ್ಲ ಅವನು ವಿವರಿಸಿದ್ದು ಮರುದಿನ. ಆ ದಿನ ಹಿತ್ತಲಿಗೆ ಹೋಗಿ ಕೂತ. ನಾನು ಹೋಗಿ ನೋಡಿದರೆ ಎರಡೂ ಕೈ ನಡುಗುತ್ತಿದ್ದವು. ಊರಿನ ಬೆಂಕಿಗೆ ನಡುಗದ ಕೈ. ಆ ನೆಗ್ಗಿದ ಚೊಂಬು ಈಗಲೂ ಬಚ್ಚಲಲ್ಲಿದೆ, ನೀನು ಅದರಲ್ಲೇ ಸ್ನಾನ ಮಾಡಿದ್ದು.

ನಿವೃತ್ತಿ ಆದದ್ದು 2006ರಲ್ಲಿ. ಲೀಡಿಂಗ್ ಫೈರ್‌ಮನ್ ಆಗಿ. ಶಾಲು, ಹಾರ, ಹಣ್ಣಿನ ಬುಟ್ಟಿ. ಮನೆಗೆ ಬಂದು ಬುಟ್ಟಿ ಬಿಚ್ಚಿ, ಮನೆಯಲ್ಲಿರುವ ತಲೆ ಎಣಿಸಿ ಸೇಬು ಹಂಚಿದ. ಆ ದಿನ ರಾತ್ರಿ ಹತ್ತು ವರ್ಷದಲ್ಲಿ ಮೊದಲ ಸಲ ಒಂಬತ್ತಕ್ಕೇ ಮಲಗಿದ, ಹನ್ನೆರಡಕ್ಕೆ ಎದ್ದು ಕೂತ.

ಆಯಿಗೆ ಪಾರ್ಶ್ವವಾಯು ಆದ ಮೇಲಿನ ಆರು ವರ್ಷ ನೀನು ನೋಡಿದ್ದೀಯ, ಆದರೆ ಚಿಕ್ಕವಳು. ನೋಡಿಕೊಳ್ಳಲು ಹೆಂಗಸನ್ನು ಇಡೋಣ ಅಂದರೆ ಅಪ್ಪ ಒಪ್ಪಲಿಲ್ಲ. ಆಯಿಯನ್ನು ಎತ್ತುವ ಮೊದಲು ಪ್ರತಿ ಸಲ ‘ಎತ್ತಲಾ?’ ಅಂತ ಕೇಳುತ್ತಿದ್ದ. ಅವಳಿಗೆ ಮಾತು ಇರಲಿಲ್ಲ. ಕಣ್ಣು ಮುಚ್ಚಿ ತೆರೆದರೆ ಹೌದು ಅಂತ ಅರ್ಥ. ಅವಳು ಹಾಗೆ ಮಾಡುವವರೆಗೆ ಕಾಯುತ್ತಿದ್ದ. ಮಧ್ಯಾಹ್ನ ಕುಚಲಕ್ಕಿ ಗಂಜಿ ಹಿಚುಕಿ, ಬಾಂಗಡೆಯ ಮುಳ್ಳು ಬಿಡಿಸುತ್ತಿದ್ದ. ಮೊದಲು ನಡುಮುಳ್ಳು ಎತ್ತುವುದು, ಆಮೇಲೆ ಪಕ್ಕದ್ದು, ಆಮೇಲೆ ಮೀನನ್ನು ಎರಡು ಬೆರಳ ನಡುವೆ ಇಟ್ಟು ಮೆಲ್ಲಗೆ ಉಜ್ಜಿ ಉಳಿದ ಸಣ್ಣ ಮುಳ್ಳು ಹುಡುಕುವುದು. ಕನ್ನಡಕ ಹಾಕಿದರೂ ಸಾಲದು, ಬೆರಳಿಗೇ ಗೊತ್ತಾಗಬೇಕು. ಒಂದು ಮೀನಿಗೆ ಇಪ್ಪತ್ತು ನಿಮಿಷ. ಅವನ ಗಂಜಿ ಆರಿ ತಣ್ಣಗಾಗಿರುತ್ತಿತ್ತು. ಸ್ಟೇಟಸ್ಸಿಗೆ ಫೋಟೊ ಬೇಕಿದ್ದರೆ ಇದರದ್ದು ಹಾಕಬೇಕಿತ್ತು. ಯಾರೂ ತೆಗೆಯಲಿಲ್ಲ, ಅಲ್ವಾ.

14 ಏಪ್ರಿಲ್ ವಿಷಯಕ್ಕೆ ಬರುತ್ತೇನೆ, ನೀನು ಆ ದಿನವೇ ಹಾಕಿದ್ದರಿಂದ. ಅದು 1944ರಲ್ಲಿ ಮುಂಬೈ ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕಿನ್ ಅನ್ನುವ ಹಡಗು ಸಿಡಿದ ದಿನ. 66 ಫೈರ್‌ಮನ್‌ಗಳು ತೀರಿಹೋದರು. ಅದಕ್ಕೇ ದೇಶದಲ್ಲೆಲ್ಲ ಅವತ್ತು ಅಗ್ನಿಶಾಮಕ ಸೇವಾ ದಿನ. ಅಪ್ಪ ಪ್ರತಿ ವರ್ಷ ಇಸ್ತ್ರಿ ಅಂಗಿ ಹಾಕಿಕೊಂಡು ಸ್ಟೇಷನ್ನಿಗೆ ಹೋಗಿ ಹೂವಿಟ್ಟು ಬರುತ್ತಿದ್ದ. ಆದರೆ ಬಂದ ಮೇಲೆ ಅವನು ಹೇಳುತ್ತಿದ್ದದ್ದು ವೀರರ ಕಥೆ ಅಲ್ಲ. ‘ಹತ್ತಿ ಬೇಲೂ ಮದ್ದುಗುಂಡೂ ಒಂದೇ ಹಡಗಲ್ಲಿ ತುಂಬಿದ್ರು. ಮಧ್ಯಾಹ್ನವೇ ಹೊಗೆ ಕಂಡಿತ್ತು. ಸಿಡಿದದ್ದು ನಾಲ್ಕರ ಮೇಲೆ. ಅಷ್ಟು ಹೊತ್ತು ಆ ಹುಡುಗರು ನೀರು ಹೊಡೀತಾ ನಿಂತಿದ್ರು. ಹೆದರಬೇಕಾದವರು ಹೆದರಲಿಲ್ಲ, ಅದಕ್ಕೆ ಆ ಹುಡುಗರು ಸತ್ರು.’ ಹೀಗೆ ಹೇಳುವಾಗ ಅವನ ದನಿಯಲ್ಲಿ ಹೆಮ್ಮೆ ಇರುತ್ತಿರಲಿಲ್ಲ, ಸಿಟ್ಟಿರುತ್ತಿತ್ತು.

ಹೋದ ವರ್ಷ ಜುಲೈ 16ಕ್ಕೆ ಅಂಕೋಲೆ ಕಡೆಯ ಶಿರೂರಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಜಾರಿ ಗಂಗಾವಳಿ ಹೊಳೆಗೆ ಬಿತ್ತಲ್ಲ. ಅಪ್ಪ ಟಿ.ವಿ. ಮುಂದಿಂದ ಏಳಲಿಲ್ಲ. ಹುಡುಕುವವರು ಮಣ್ಣಿನ ಬುಡದಲ್ಲಿ ನಿಂತಿದ್ದು ಕಂಡರೆ ‘ಮೇಲೆ ನೋಡ್ರೋ, ಮೇಲೆ ನೋಡ್ರೋ’ ಅಂತ ಟಿ.ವಿ.ಗೇ ಕೂಗುತ್ತಿದ್ದ. ಮೂರು ವಾರ ಕಳೆಯಿತು. ಆಗಸ್ಟ್ 7ರ ನಡುರಾತ್ರಿ ನಮ್ಮ ಕಾಳಿ ಹೊಳೆಯ ಹಳೆ ಸೇತುವೆ ಕುಸಿಯಿತು. ಕೋಡಿಬಾಗದವರಿಗೆ ಸದ್ದಿಗೇ ಎಚ್ಚರ. ನಾನು ಹೊರಗೆ ಬಂದು ನೋಡಿದರೆ 76 ವರ್ಷದ ಮನುಷ್ಯ ರೇನ್‌ಕೋಟ್ ಹಾಕಿ, ಶೂ ಲೇಸ್ ಕಟ್ಟುತ್ತಾ ಮೆಟ್ಟಿಲ ಮೇಲೆ ಕೂತಿದ್ದಾನೆ. ಮಂಡಿ ಎದ್ದೇಳಲು ಬಿಡುತ್ತಿಲ್ಲ. ‘ಎಷ್ಟ್ ಜನವಂತೆ?’ ಅಂದ. ಒಂದು ಲಾರಿ ಬಿದ್ದಿದೆ, ಡ್ರೈವರ್ ಒಬ್ಬನೇ, ಬದುಕಿಸಿದ್ದಾರೆ ಅಂತ ಗೊತ್ತಾಗುವಷ್ಟರಲ್ಲಿ ಬೆಳಗಾಗುತ್ತಾ ಬಂದಿತ್ತು. ಅಲ್ಲಿಯವರೆಗೆ ಶೂ ಬಿಚ್ಚಲಿಲ್ಲ.

ಕೊನೆಯ ದಿನಗಳದ್ದು ಜಾಸ್ತಿ ಬರೆಯುವುದಿಲ್ಲ. ಕೆಮ್ಮು ಹಳೆಯದು, ಮಳೆಗಾಲ ಕಳೆದ ಮೇಲೆ ಬಿಡಲೇ ಇಲ್ಲ. ದೊಡ್ಡ ಆಸ್ಪತ್ರೆಗೆ ಜಿಲ್ಲೆ ದಾಟಿಯೇ ಹೋಗಬೇಕು, ನಮ್ಮ ಹಣೆಬರಹ. ಅಲ್ಲಿ ಪಕ್ಕದ ಬೆಡ್ಡಿನವರು ಆಕ್ಸಿಜನ್ ಹತ್ತಿರ ಊದುಬತ್ತಿ ಹಚ್ಚಿದ್ದಕ್ಕೆ ಮಾಸ್ಕ್ ಕಿತ್ತು ಬೈದ. ಉಸಿರಾಡಲು ಆಗದವನು ಬೈಯಲು ಎಲ್ಲಿಂದ ಉಸಿರು ತಂದನೋ. ಒಂದು ರಾತ್ರಿ ಎಚ್ಚರಾಗಿ ‘ಒಳಗೆ ಎಷ್ಟ್ ಜನ?’ ಅಂದ. ‘ನೀನು, ನಾನು, ಇಬ್ಬರೇ ಅಪ್ಪ’ ಅಂದೆ. ‘ಇಬ್ರು’ ಅಂತ ಎರಡು ಬೆರಳು ಎತ್ತಿ, ಮತ್ತೆ ನಿದ್ದೆ ಹೋದ. ತೀರಿಕೊಂಡದ್ದು ಅದಾಗಿ ನಾಲ್ಕು ದಿನಕ್ಕೆ.

ಈಗ ನಿನ್ನ ವಿಷಯ. ಬೆಂಗಳೂರಿನ ನಿನ್ನ ಪಿ.ಜಿ.ಗೆ ಅಜ್ಜ ಬಂದ ದಿನ ನೀನು ಅತ್ತಿದ್ದು ನನಗೆ ಗೊತ್ತು. ನಾಲ್ಕನೇ ಮಹಡಿ, ಮಂಡಿ ನೋವು ಬೇರೆ, ಮೆಟ್ಟಿಲು ಎಣಿಸುತ್ತಾ ಹತ್ತಿದ. ಕಿಟಕಿಯ ಗ್ರಿಲ್ ಅಲ್ಲಾಡಿಸಿ ನೋಡಿದ. ಹಿಂದಿನ ಮೆಟ್ಟಿಲಿನ ಬಾಗಿಲಿಗೆ ಬೀಗ ಇದೆ ಅಂತ ಓನರ್ ಹತ್ತಿರ ಜಗಳಕ್ಕೆ ನಿಂತ. ನಿನ್ನ ಗೆಳತಿಯರೆಲ್ಲ ನೋಡುತ್ತಿದ್ದರು. ನೀನು ‘ಅಜ್ಜಾ, ಮರ್ಯಾದೆ ತೆಗೀಬೇಡ’ ಅಂದೆ. ಅಜ್ಜ ಸುಮ್ಮನಾದ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಬಸ್ಸಿನಲ್ಲಿ ಬರುವಾಗ ಅವನು ನಿನ್ನ ಸಿಟ್ಟಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ‘ಓನರ್ ಬೀಗದ ಕೈ ವಾಚ್‌ಮನ್ ಹತ್ರ ಇಡ್ತೇನೆ ಅಂದ’ ಅಂತ ಮಾತ್ರ ಹೇಳಿದ. ಖುಷಿಯಲ್ಲಿದ್ದ.

ಅವನ ಹಾಲಿನ ಲೆಕ್ಕದ ಪುಸ್ತಕ ಗೊತ್ತಲ್ಲ, ಕ್ಯಾಲೆಂಡರಿನ ಮೊಳೆಗೆ ನೇತು ಹಾಕಿರುತ್ತಿದ್ದದ್ದು. ಹಿಂದಿನ ಪುಟಗಳಲ್ಲಿ ನಮ್ಮ ಎಲ್ಲರ ಮನೆಗಳಿವೆ. ದೊಡ್ಡಮ್ಮನ ಮನೆ: ಹಂಚು, ಅಟ್ಟದಲ್ಲಿ ಅಡಿಕೆ ಚೀಲ, ಬಾವಿ ಹಿತ್ತಲಲ್ಲಿ, ಮಲಗುವವರು ಐದು. ಚಿಕ್ಕಮ್ಮನ ಮನೆ: ಗ್ಯಾಸ್ ಒಳಗೇ, ಹೇಳಿದರೂ ಕೇಳುವುದಿಲ್ಲ. ನಿನ್ನ ಪಿ.ಜಿ.: 4ನೇ ಮಹಡಿ, ಮೆಟ್ಟಿಲು 72, ಹಿಂದಿನ ಬಾಗಿಲು ಎಡಕ್ಕೆ, ಕೈ ವಾಚ್‌ಮನ್. ಅದರ ಕೆಳಗೆ ‘ಪುಟ್ಟಿ ಹೊಸ ಮನೆ’ ಅಂತ ಬರೆದು ಗೆರೆ ಎಳೆದಿದ್ದಾನೆ. ಜನವರಿಯಲ್ಲಿ ನೀನು ಮನೆ ಬದಲಿಸುತ್ತೇನೆ ಅಂದಾಗ ಬರೆದಿರಬೇಕು. ಮುಂದೆ ಖಾಲಿ.

ಎಷ್ಟನೇ ಮಹಡಿ, ಮೆಟ್ಟಿಲು ಎಷ್ಟು ಅಂತ ಬರೆದು ಕಳಿಸು. ಲಿಫ್ಟ್ ಇದೆ ಅಂತ ತಪ್ಪಿಸಿಕೊಳ್ಳಬೇಡ, ಒಂದು ಸಲ ಇಳಿದು ಎಣಿಸು. ಹಿಂದಿನ ಬಾಗಿಲ ಬೀಗದ ಕೈ ಯಾರ ಹತ್ತಿರ ಇರುತ್ತದೆ ಕೇಳು. ರಾತ್ರಿ ಅಲ್ಲಿ ಮಲಗುವವರು ಎಷ್ಟು ಜನ ಅಂತಲೂ ಬರಿ. ಹಪ್ಪಳ ಕರಿಯುವಾಗ ಫೋನ್ ಕೆಳಗಿಡು, ಮುಚ್ಚಳ ಪಕ್ಕದಲ್ಲೇ ಇರಲಿ.

ನಿನ್ನ
ಅಮ್ಮ